ಪದ ಕೇಳ್ತಿಲ್ಲ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಅಕ್ಕನ ಮಗ ಅಮೆರಿಕದ ಹೇವರ್ಡ್‌ನಿಂದ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಹಾಡು ಕಳಿಸಿದ. ತಾನೇ ಬರೆದು, ತಾನೇ ಗಿಟಾರ್ ನುಡಿಸಿ, ತಾನೇ ಹಾಡಿ, ಮಲಗುವ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಿಕ್ಸ್ ಮಾಡಿದ ಕನ್ನಡದ ಮೆಟಲ್ ಹಾಡು. ಕೆಳಗೆ ಒಂದು ಸಾಲು: "ಎಲ್ಲರೂ ಕೇಳಿ, ಹೇಗಿದೆ ಅಂತ ನಿಜ ಹೇಳಿ." ನಾಲ್ಕು ನಿಮಿಷದೊಳಗೆ ಹನ್ನೊಂದು ಹೆಬ್ಬೆರಳು ಬಂದವು. ಹಾಡಿನ ಉದ್ದವೇ ಆರು ನಿಮಿಷ!

ನಾವೂ, ಎಂದರೆ ಇಲ್ಲಿ ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ಈ ಬಡಪಾಯಿ ಮತ್ತು ಮನೆಯಾಕೆ, "ಸೂಪರ್ ಮಗಾ" ಎಂದು ಬರೆದು ಮಲಗಿದೆವು. ಚಳಿಗಾಲದಲ್ಲಿ ನಮಗೂ ಅವನಿಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಮರುದಿನ ನಮಗೆ ರಾತ್ರಿ ಹತ್ತು, ಅವನಿಗೆ ಬೆಳಗ್ಗೆ ಹತ್ತು. ಫೋನ್ ಬಂತು.

"ಮಾವ, ಹಾಡು ಕೇಳಿದ್ರಾ?"

"ಕೇಳಿದ್ವಿ ಕಣೋ, ಭಾರಿ ಚೆನ್ನಾಗಿದೆ."

"ಎರಡನೇ ಚರಣದಲ್ಲಿ ಏನಿದೆ ಹೇಳಿ ನೋಡೋಣ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ: "ಅಜ್ಜನ ಬಗ್ಗೆ ಮಾವ."

ಅವನ ಅಜ್ಜ ಎಂದರೆ ನಮ್ಮ ಅಪ್ಪ. ಸಾಗರದ ಹತ್ತಿರದ ನಮ್ಮೂರಿನಲ್ಲಿ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಾರ್ಚ್ ಕೊನೆಯ ವಾರದಿಂದಲೇ ಭಾರತಕ್ಕೆ ವಿಮಾನ ನಿಂತಿತ್ತು. ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ಇಲ್ಲಿ ನಾವು ಮಾಸ್ಕ್ ಹಾಕಿಕೊಂಡು ಎರಡು ಪಾಳಿ ಕೆಲಸ ಮಾಡುತ್ತಿದ್ದೆವು, ಅಲ್ಲಿ ಅವನು ಹೇವರ್ಡ್‌ನ ಕೋಣೆಯಲ್ಲಿ ಒಬ್ಬನೇ ಇದ್ದ. ಅಕ್ಕ ಫೋನ್ ಹಿಡಿದು ತೋರಿಸಿದ್ದನ್ನೇ ನಾವೆಲ್ಲ ನೋಡಿದ್ದು. ಇದನ್ನು ಓದುವವರಲ್ಲಿ ಎಷ್ಟು ಮಂದಿ ಹೀಗೆ ಫೋನಿನಲ್ಲೇ ಹೆತ್ತವರನ್ನು ಕಳುಹಿಸಿಕೊಟ್ಟಿದ್ದೀರೋ, ನಿಮಗೆ ಹೆಚ್ಚು ವಿವರಿಸಬೇಕಿಲ್ಲ. ಅದರ ಬಗ್ಗೆ ಹುಡುಗ ಹಾಡು ಕಟ್ಟಿದ್ದ. ನಾವು ಅದಕ್ಕೆ ಹೆಬ್ಬೆರಳು ಒತ್ತಿದ್ದೆವು.

ಇಲ್ಲಿ ಒಂದು ತಪ್ಪೊಪ್ಪಿಗೆ. ಪದ ಕೇಳುತ್ತಿಲ್ಲ ಎಂದು ಮೊದಲ ಸಲವೇ ನಮ್ಮಿಬ್ಬರಿಗೂ ಗೊತ್ತಾಗಿತ್ತು. ಗಿಟಾರ್ ಮತ್ತು ಡ್ರಮ್ಮಿನ ಗದ್ದಲದಡಿ ಹುಡುಗನ ದನಿ ಹೂತುಹೋಗಿತ್ತು. ಆದರೆ ಮೆಟಲ್ ಎಂದರೆ ಹೀಗೇ ಇರಬೇಕೇನೋ, ಡಿ.ಫಾರ್ಮ್ ಓದಿದ ನಮಗೆ ಸಂಗೀತದ ವಿಚಾರ ಯಾಕೆ, ಹುಡುಗನಿಗೆ ಬೇಜಾರಾದರೆ ಎಂದು ಸುಮ್ಮನಾದೆವು.

ಅವನಿರುವ ಜಾಗ ಈ ಸಂಗೀತದ ತವರು. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಥ್ರಾಶ್ ಮೆಟಲ್ ಎಂಬ ವೇಗದ ಪ್ರಕಾರ ಬೆಳೆಯಿತು. ಮೆಟಾಲಿಕಾ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ ಪಕ್ಕದ ಕ್ಯಾಸ್ಟ್ರೋ ವ್ಯಾಲಿಯವನು, ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಓದಿದವನು. ಮುಂದೆ ಫೇತ್ ನೋ ಮೋರ್ ತಂಡದ ಗಿಟಾರ್ ವಾದಕನಾದ ಜಿಮ್ ಮಾರ್ಟಿನ್ ಜೊತೆ ಕಟ್ಟಿದ್ದ ತಂಡದಲ್ಲಿ ಅವನು 1981ರಲ್ಲಿ ಹೇವರ್ಡ್‌ನ ಮನರಂಜನಾ ಇಲಾಖೆ ನಡೆಸಿದ ಬ್ಯಾಂಡ್ ಸ್ಪರ್ಧೆಗೆ ಹೋಗಿದ್ದ. ಊರ ಜನರೆದುರು ನಿಂತು, ಎದುರಿಗೇ ತೀರ್ಪು ಕೇಳುವ ಜಾಗ ಅದು. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬರ್ಟನ್ ತೀರಿಕೊಂಡಾಗ ಅವನಿಗೆ 24 ವರ್ಷ.

ಆ ತಂಡದ ಮುಂದಿನ ಆಲ್ಬಮ್, 1988ರ 'ಆಂಡ್ ಜಸ್ಟಿಸ್ ಫಾರ್ ಆಲ್', ಒಂದು ವಿಚಿತ್ರಕ್ಕೆ ಹೆಸರುವಾಸಿ. ಹೊಸ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಅದರಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಬೇಸ್ ಇಳಿಸು, ಇನ್ನೂ ಇಳಿಸು ಎಂದು ಡ್ರಮ್ ವಾದಕನೇ ಹೇಳಿದ ಎಂದು ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ನಂತರ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ತಂಡ, ಅಷ್ಟು ದುಬಾರಿ ಸ್ಟುಡಿಯೋ, ಆದರೂ ಹೀಗಾಯಿತು. ಹಾಗಿರುವಾಗ ಮಲಗುವ ಕೋಣೆಯ ಹುಡುಗನದ್ದೇನು ಮಹಾ ಅಪರಾಧ? ಅಂದಹಾಗೆ ಇದೇ ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ನುಡಿಸಿ, ಅದೇ ವಾರ ಬೆಂಗಳೂರಿನ ಅರಮನೆ ಮೈದಾನಕ್ಕೂ ಹೋಗಿತ್ತು. ಆಗ ನಮ್ಮ ರೂಮಿನಲ್ಲಿದ್ದ ಮಂಗಳೂರಿನ ಹುಡುಗನೊಬ್ಬ ಟಿಕೆಟ್ಟಿಗೆ ಎಂದು ನಮ್ಮಲ್ಲಿ ಸಾಲ ತೆಗೆದುಕೊಂಡಿದ್ದ. ಆ ದುಡ್ಡು ಇನ್ನೂ ಬಂದಿಲ್ಲ.

ಸರಿ, ಹುಡುಗನ ಮಿಕ್ಸ್ ಯಾಕೆ ಹಾಗಾಯಿತು? ಅವನೇ ವಿವರಿಸಿದ. ಅಪಾರ್ಟ್‌ಮೆಂಟಿನ ಗೋಡೆ ತೆಳು, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಹಾಗಾಗಿ ಎಲ್ಲ ಕೆಲಸ ರಾತ್ರಿ, ಹೆಡ್‌ಫೋನಿನಲ್ಲಿ. ಮೆಟಲ್‌ನಲ್ಲಿ ಒಂದೇ ಗಿಟಾರನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ. ತಂತಿಗಳ ಶ್ರುತಿ ಇಳಿಸುವುದರಿಂದ ಗಿಟಾರಿನ ಕೆಳದನಿ ಬೇಸ್ ಗಿಟಾರಿನ ಜಾಗಕ್ಕೂ ಡ್ರಮ್ಮಿನ ಜಾಗಕ್ಕೂ ನುಗ್ಗುತ್ತದೆ. ಮೇಲೆ ಅದೇ ಗಿಟಾರಿನ ಕರಕರ ಸದ್ದು 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ ತುಂಬಿಕೊಳ್ಳುತ್ತದೆ. ನಮ್ಮ ಮಾತಿನ ಕ, ತ, ಸ, ಚ ಮುಂತಾದ ವ್ಯಂಜನಗಳು ಸ್ಪಷ್ಟವಾಗುವುದೂ ಅಲ್ಲೇ. ಹಾಡುವವನ ಸ್ವರ ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ದಣಿದ ಕಿವಿ ಎಲ್ಲವನ್ನೂ ಇನ್ನೂ ಜೋರು ಮಾಡಲು ಹೇಳುತ್ತದೆ. ಜೋರಾದದ್ದು ಒಂದು ಕ್ಷಣ ಚೆನ್ನಾಗಿದೆ ಅನ್ನಿಸುತ್ತದೆ, ಅದೇ ಮೋಸ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪದ ಬರೆದವನಿಗೆ ಪದ ಗೊತ್ತು. ಗದ್ದಲದಲ್ಲಿ ಕಾಣೆಯಾದ ಅಕ್ಷರವನ್ನು ಅವನ ತಲೆಯೇ ತುಂಬಿಕೊಡುತ್ತದೆ. ಇದು ನಮಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಇನ್ಸುಲಿನ್, ಹೆಪಾರಿನ್‌ನಂಥ ಔಷಧ ಕೊಡುವಾಗ ತಾನು ಬರೆದ ಲೇಬಲನ್ನು ತಾನೇ ಎರಡು ಸಲ ಓದಿದರೆ ಸಾಲದು, ಇನ್ನೊಬ್ಬರು ಓದಿ ಸಹಿ ಹಾಕಬೇಕು. ಬರೆದವನ ಕಣ್ಣಿಗೆ ತಾನು ಬರೆಯಬೇಕೆಂದಿದ್ದೇ ಕಾಣುತ್ತದೆ, ಬರೆದದ್ದು ಕಾಣುವುದಿಲ್ಲ. ಡೋಸ್ ತಪ್ಪಿದೆ ಅನ್ನಿಸಿದರೆ ಎಷ್ಟೇ ಹಿರಿಯ ಡಾಕ್ಟರಾದರೂ ಫೋನ್ ಮಾಡಿ ಕೇಳಲೇಬೇಕು. ಅಲ್ಲಿ ಹೆಬ್ಬೆರಳು ತೋರಿಸಿದರೆ ರೋಗಿಯ ಗತಿ ಏನು? ದಿನವಿಡೀ ಈ ಕೆಲಸಕ್ಕೇ ಸಂಬಳ ತೆಗೆದುಕೊಳ್ಳುವ ನಾವು ಮನೆಯ ಹುಡುಗನಿಗೆ ಅದನ್ನು ಮಾಡಲಿಲ್ಲ.

"ನಮಗೆ ಏನೂ ತಿಳಿಯದು, ಏನು ಹೇಳುವುದು?" ಎನ್ನುವವರಿಗೆ ನಮ್ಮ ಕೌಂಟರಿನ ಅನುಭವ ಹೇಳುತ್ತೇವೆ. ಒಳ್ಳೆಯ ರೋಗಿ "ನಿನ್ನೆ ರಾತ್ರಿಯಿಂದ ಬಲಗಡೆ ಹೊಟ್ಟೆ ನೋವು, ಊಟ ಮಾಡಿದ ಮೇಲೆ ಜಾಸ್ತಿ" ಎನ್ನುತ್ತಾನೆ. ಕಷ್ಟ ಕೊಡುವ ರೋಗಿ "ಆ್ಯಂಟಿಬಯೋಟಿಕ್ ಕೊಡಿ" ಎನ್ನುತ್ತಾನೆ. ಹಾಡು ಕೇಳುವವರೂ ಲಕ್ಷಣ ಹೇಳಿದರೆ ಸಾಕು, ಔಷಧ ಬರೆಯಬೇಕಿಲ್ಲ. ಎಷ್ಟನೇ ನಿಮಿಷದಲ್ಲಿ ಪದ ಕಳೆದುಹೋಯಿತು, ಎಲ್ಲಿ ಕಿವಿ ನೋಯಿತು, ಎಲ್ಲಿ ಬೇಜಾರು ಬಂತು, ಕೇಳಿದ್ದು ಫೋನಿನಲ್ಲೋ ಕಾರಿನಲ್ಲೋ. ಯಾವ ಗುಂಡಿ ತಿರುಗಿಸಬೇಕೆಂಬುದು ಅವನ ಕೆಲಸ. ಇನ್ನೊಂದು ತುದಿಯವರೂ ಇದ್ದಾರೆ. "ಇದು ಸಂಗೀತವೇ ಅಲ್ಲ, ಭಾವಗೀತೆ ಹಾಡು" ಎಂದ ನಮ್ಮ ದೊಡ್ಡಪ್ಪನ ಮಗನಂಥವರು. ಹೊಟ್ಟೆನೋವಿಗೆ ಬಂದವನಿಗೆ ಕನ್ನಡಕ ಬರೆದುಕೊಟ್ಟ ಹಾಗೆ ಅದು.

ಆ ಶನಿವಾರ ನಾವು ಹಾಡನ್ನು ಮೂರು ಸಲ ಕೇಳಿದೆವು. ಅಡುಗೆಮನೆಯಲ್ಲಿ ಫೋನಿನಿಂದ, ಲುಲುಗೆ ಹೋಗುವಾಗ ಕಾರಿನಲ್ಲಿ, ರಾತ್ರಿ ಇಯರ್‌ಫೋನಿನಲ್ಲಿ. ಚೀಟಿಯಲ್ಲಿ ಬರೆದುಕೊಂಡು ಕಳಿಸಿದೆವು: 1:40ಕ್ಕೆ ಪದ ಹೋಯಿತು; 2:15ಕ್ಕೆ "ಹೊಗೆ" ಎಂದು ಕೇಳಿತು, ಮುಂದಿನದು ಇಲ್ಲ; ಫೋನಿನಲ್ಲಿ ಡ್ರಮ್ಮಿನ ಟಪಟಪ ಮಾತ್ರ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆವು. "ಮಾವ, ಇಷ್ಟು ದಿನಕ್ಕೆ ನೀವಿಬ್ಬರೇ ಪೂರ್ತಿ ಕೇಳಿದ್ದು" ಎಂದ.

ನಮ್ಮ ಊರಿನಲ್ಲಿ ಇದಕ್ಕೆ ಇಷ್ಟು ಸಂಕೋಚ ಇರಲಿಲ್ಲ. ಯಕ್ಷಗಾನದಲ್ಲಿ ಚಂಡೆ ಏರಿ ಭಾಗವತರ ದನಿ ಮುಳುಗಿದರೆ ಹಿಂದಿನ ಸಾಲಿನಿಂದ ಯಾರಾದರೂ ಎದ್ದು "ಮೈಕಿನವ್ನೇ, ಪದ ಕೇಳ್ತಿಲ್ಲ!" ಎಂದು ಕೂಗುತ್ತಿದ್ದರು. ಹೆಚ್ಚಿನ ಸಲ ಹಾಗೆ ಕೂಗುತ್ತಿದ್ದವರು ನಮ್ಮ ಅಪ್ಪನೇ. ಚಿಕ್ಕವರಾಗಿದ್ದ ನಮಗೆ ನಾಚಿಕೆಯಾಗುತ್ತಿತ್ತು. ಭಾಗವತರು ಮಾತ್ರ ಒಂದು ದಿನವೂ ಬೇಸರಿಸಿದ್ದಿಲ್ಲ.

ನಮ್ಮ ಸಂಘದ ರಾಜ್ಯೋತ್ಸವದ ಮಾತು ಬಂದರೆ, ಅದರಲ್ಲಿ ನಾವೂ ಪಾಲುದಾರರು. ಮಕ್ಕಳು ತಿಂಗಳುಗಟ್ಟಲೆ ಕಲಿತ ಹಾಡು ಕರೋಕೆ ಟ್ರ್ಯಾಕಿನ ಅಬ್ಬರದಲ್ಲಿ ಹೋಗಿಬಿಡುತ್ತದೆ, ಮುಂದಿನ ಸಾಲಿನ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ, ಹಿಂದೆ ಕುಳಿತ ನಾವು ವಿಡಿಯೋ ಮಾಡುತ್ತೇವೆ. ಈ ಸಲ ಕಾರ್ಯಕಾರಿ ಸಮಿತಿ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಲಿ. ಧ್ವನಿವರ್ಧಕದವರಿಗೆ ಕೈಸನ್ನೆ ಮಾಡುವುದಷ್ಟೇ ಅವರ ಕೆಲಸ. ಯಾರೂ ಸಿಗದಿದ್ದರೆ ನಾವೇ ಕೂರುತ್ತೇವೆ, ಡ್ಯೂಟಿ ಇಲ್ಲದಿದ್ದರೆ.

ಹುಡುಗ ಗಿಟಾರನ್ನು ಸ್ವಲ್ಪ ಇಳಿಸಿ, ದನಿಗೆ ಜಾಗ ಬಿಟ್ಟು ಮೂರನೆಯ ಸಲ ಮಿಕ್ಸ್ ಮಾಡಿ ಕಳಿಸಿದ್ದಾನೆ. ಮನೆಯಾಕೆ ಒಲೆ ಮುಂದೆ ನಿಂತು ಕೇಳಿ, ಗ್ಯಾಸ್ ಆರಿಸಿ, ಎರಡನೇ ಚರಣವನ್ನು ಮತ್ತೊಮ್ಮೆ ಹಾಕಿಸಿಕೊಂಡಳು. ಪ್ರತಿ ಪದವೂ ಕೇಳುತ್ತದೆ. ನಾಲ್ಕನೇ ನಿಮಿಷದಲ್ಲಿ ಡ್ರಮ್ ಇನ್ನೂ ಜಾಸ್ತಿ ಇದೆ. ಅದನ್ನೂ ಬರೆದು ಕಳಿಸಿದ್ದೇವೆ.