ಕಾಡಿಲ್ಲದ ನಾಡಿನಲ್ಲಿ ಕಾಡುಹಂದಿ

ಅಡಿಕೆ ಮರದ ಬುಡವನ್ನು ಹಂದಿ ಅಗೆದು ಹೋದ ಬೆಳಗ್ಗೆ ಮಲೆನಾಡಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ಕಾಡು ಹಾಳಾಯಿತು, ಹಂದಿ ತೋಟಕ್ಕೆ ಬಂತು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇದನ್ನೇ ಅಳತೆಗೋಲಾಗಿ ಹಿಡಿದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಹೋದವರು ತಬ್ಬಿಬ್ಬಾಗಬೇಕಾಗುತ್ತದೆ. ಅದು ಕರಿನೆಲದ ಬಯಲು. ತೊಗರಿ, ಜೋಳಗಳ ಸೀಮೆ. ಆ ಜಿಲ್ಲೆಯ ಹೇಳಿಕೊಳ್ಳುವಂತಹ ಅರಣ್ಯವಿರುವುದು ದೂರದ ಚಿಂಚೋಳಿಯಲ್ಲಿ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಆದರೂ ಈ ಮೂರು ತಾಲ್ಲೂಕುಗಳ ಶೇಂಗಾ ಹೊಲ, ಕಾಯಿಪಲ್ಯದ ತೋಟಗಳು ಒಂದೇ ರಾತ್ರಿಯಲ್ಲಿ ತಗ್ಗುಮಯವಾಗುವುದುಂಟು. ಕಾಡೇ ಇಲ್ಲದ ಕಡೆ ಕಾಡುಹಂದಿ ಬಂದದ್ದೆಲ್ಲಿಂದ?

ಉತ್ತರ ಹೊಲದಲ್ಲಿಯೇ ಇದೆ. ಭೀಮಾ ನದಿಗೆ ಸೊನ್ನದಲ್ಲಿ ಬ್ಯಾರೇಜು ಬಂತು. ಆಳಂದಕ್ಕೆ ಅಮರ್ಜಾ ಜಲಾಶಯ, ಜೇವರ್ಗಿಗೆ ನಾರಾಯಣಪುರದ ಎಡದಂಡೆ ಕಾಲುವೆಯ ಕವಲು ಬಂದವು. ಭೂಸನೂರು, ಹಾವಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳೆದ್ದವು. ನೀರು ಹರಿದೆಡೆಯಲ್ಲೆಲ್ಲ ಕಬ್ಬು ಹಬ್ಬಿತು. ಆಳೆತ್ತರ ಮೀರಿ ವರ್ಷವಿಡೀ ನಿಲ್ಲುವ ಕಬ್ಬಿನ ಗದ್ದೆಯು ಹಂದಿಗೆ ಕಾಡಿಗಿಂತ ಮೇಲಾದ ಕಾಡು. ಅಲ್ಲಿ ನೆರಳುಂಟು, ಹೊರಳಲು ಕೆಸರುಂಟು, ತಿನ್ನಲು ಕಬ್ಬುಂಟು, ಮರಿ ಹಾಕಲು ಮರೆಯುಂಟು. ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಪೊದೆಗಳು ಅದಕ್ಕೆ ಹಗಲಿನ ಬಿಡದಿ. ನಾಲ್ಕು ತಿಂಗಳೊಳಗೆ ಗರ್ಭ ಪೂರೈಸಿ, ಒಮ್ಮೆಗೆ ನಾಲ್ಕಾರು ಮರಿ ಹಾಕುವ ಪ್ರಾಣಿಗೆ ಇನ್ನೇನು ಬೇಕು? ಮರಿಗಳನ್ನು ಹಿಡಿಯಬಲ್ಲ ತೋಳಕ್ಕೆ ಮಾತ್ರ ಆ ಬಯಲಿನಲ್ಲಿ ನೆಲೆ ಕುಗ್ಗುತ್ತ ಬಂದಿದೆ. ಕಬ್ಬು ಕಟಾವಾದೊಡನೆ ಮನೆ ಕಳೆದುಕೊಂಡ ಹಿಂಡು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಕಬ್ಬು ಒಬ್ಬರದು, ಹಾನಿ ಇನ್ನೊಬ್ಬರದು. ಈ ಅನ್ಯಾಯವನ್ನು ಯಾವ ನೀರಾವರಿ ಯೋಜನೆಯೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಬೆಳೆ ಕಳೆದುಕೊಂಡ ರೈತನಿಗೆ ಪ್ರಾಣಿದಯೆಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ಅವನ ಸಿಟ್ಟನ್ನು ತಂತಿಬೇಲಿಗೆ ನೇರ ಕರೆಂಟು ಹರಿಸುವತ್ತ ತಿರುಗಲು ಬಿಡುವುದು ಅದಕ್ಕಿಂತ ದೊಡ್ಡ ಕ್ರೌರ್ಯ. ಪಂಪುಸೆಟ್ಟಿಗೆ ರಾತ್ರಿ ವಿದ್ಯುತ್ತು ಕೊಡುವ ವ್ಯವಸ್ಥೆಯಲ್ಲಿ ಕತ್ತಲೆಯಲ್ಲಿ ನೀರು ಕಟ್ಟಲು ಹೋಗುವವನು ರೈತನೇ. ಹಂದಿಗೆಂದು ಹರಿಸಿದ ಕರೆಂಟು ಹಂದಿಯನ್ನೂ ರೈತನನ್ನೂ ಬೇರೆಯೆಂದು ಗುರುತಿಸದು. ಸಿಡಿಮದ್ದಿನ ಉಂಡೆಯೂ ಅಷ್ಟೇ. ಅದನ್ನು ಕಚ್ಚುವ ಮೊದಲ ಬಾಯಿ ಹಸುವಿನದಾಗಿರಬಹುದು, ನಾಯಿಯದಾಗಿರಬಹುದು.

ಹಾಗಾದರೆ ಕೊಲ್ಲಲು ಅಪ್ಪಣೆ ಕೊಡಿ ಎನ್ನುವವರಿದ್ದಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ಬೆಳೆಗೆ ಅಪಾಯವಾದಾಗ ಅಧಿಕಾರಿಯ ಲಿಖಿತ ಅನುಮತಿಯಿಂದ ಕೊಲ್ಲಲು ಈಗಾಗಲೇ ದಾರಿ ಇಟ್ಟಿದೆ. 62ನೇ ಕಲಮಿನಡಿ ಬಿಹಾರದಲ್ಲಿ 2015ರಲ್ಲೂ ಉತ್ತರಾಖಂಡದಲ್ಲಿ 2016ರಲ್ಲೂ ಕಾಡುಹಂದಿಯನ್ನು ಕೇಂದ್ರ ಸರ್ಕಾರ ಕೆಲಕಾಲಕ್ಕೆ ಉಪದ್ರವಿ ಪ್ರಾಣಿಯೆಂದು ಸಾರಿದ್ದೂ ಉಂಟು. ಆದರೆ ಎಕರೆಗಟ್ಟಲೆ ಕಬ್ಬಿನೊಳಗೆ ಅಡಗಿದ ಹಿಂಡಿಗೆ ಬಂದೂಕು ಗುರಿಯಿಡುವುದು ಹೇಗೆ? ಆಶ್ರಯ, ಆಹಾರ ಎರಡೂ ಹಾಗೆಯೇ ಉಳಿದಿರುವಾಗ ನಾಲ್ಕು ಹಂದಿ ಕೊಂದರೆ ಆ ಸ್ಥಳ ಖಾಲಿ ಉಳಿಯುವುದೇ?

ಅದಕ್ಕೂ ಮೊದಲು ತಗ್ಗು ತೋಡಿದ್ದು ಯಾರೆಂದು ತಿಳಿಯಬೇಡವೇ? ನೇಗಿಲು ಹಾಯಿಸಿದಂತೆ ಮಣ್ಣು ಮಗುಚಿ, ಅಂಚಿಲ್ಲದೆ ಹರಡಿದ್ದರೆ ಅದು ಹಂದಿಯ ಮೂತಿ. ಕಿರಿದಾದ ತಗ್ಗು, ಕಡಿದ ಗೆಡ್ಡೆ, ಬಿದ್ದ ಮುಳ್ಳು ಇದ್ದರೆ ಮುಳ್ಳುಹಂದಿ. ಮುಷ್ಟಿಗಾತ್ರದ ಬಿಲ, ಒಳಗೆ ಕೂಡಿಟ್ಟ ಕಾಯಿ ಇದ್ದರೆ ಇಲಿ. ಬೀಳುನೆಲದಲ್ಲಿ ಹಲವು ಬಾಯಿಗಳ ಬಿಲವಿದ್ದರೆ ಅದು ನರಿಯದಾಗಿರಬಹುದು, ಮತ್ತು ಆ ನರಿ ಇಲಿ ತಿಂದು ರೈತನಿಗೆ ನೆರವಾಗುವ ಜೀವಿ. ಹಂದಿ ಕೂಡ ಬರೀ ಬೆಳೆಗಾಗಿ ಅಗೆಯುವುದಿಲ್ಲ. ಮಣ್ಣಿನೊಳಗಿನ ಎರೆಹುಳು, ಗೊಣ್ಣೆಹುಳುಗಳಿಗಾಗಿಯೂ ಅಗೆಯುತ್ತದೆ. ಅಡಿಕೆಯ ಬುಡ ಅಗೆದಿದ್ದರೆ ಬೇರುಹುಳು ಇದೆಯೇ ಎಂದು ನೋಡುವುದು ಜಾಣತನ. ತಗ್ಗನ್ನು ಓದದೆ ವಿಷವಿಡುವವನು ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಕೊಲ್ಲುತ್ತಾನೆ.

ಉಪಾಯಗಳು ಇಲ್ಲವೆಂದಲ್ಲ. ಹಿಂಗಾರಿ ಜೋಳದ ಸುತ್ತ ಮುಳ್ಳಿನ ಕುಸುಬೆ ಬಿತ್ತುವುದು ಆ ಸೀಮೆಯ ಹಿರಿಯರ ಪದ್ಧತಿ. ಶೇಂಗಾ ಹೊಲಕ್ಕೂ ಅದು ಒಪ್ಪುತ್ತದೆ. ಬಿಟ್ಟುಬಿಟ್ಟು ಕ್ಷಣಕಾಲ ಮಾತ್ರ ಮಿಡಿಯುವ ಸೌರಬೇಲಿ ಜೀವ ತೆಗೆಯದೆ ಹಿಂಡನ್ನು ತಡೆಯುತ್ತದೆ. ಕೆಳಗಿನ ತಂತಿ ನೆಲಕ್ಕೆ ಗೇಣಿನಷ್ಟೇ ಎತ್ತರದಲ್ಲಿರಬೇಕು, ಬುಡದ ಹುಲ್ಲು ಸವರಿರಬೇಕು. ಒಬ್ಬನೇ ಹಾಕಿದರೆ ಹಂದಿ ನೆರೆಯವನ ಹೊಲಕ್ಕೆ ಹೋಗುತ್ತದೆ. ಹತ್ತು ಹೊಲಗಳವರು ಕೂಡಿ ಹಾಕಿದರೆ ವೆಚ್ಚವೂ ಹಂಚಿಹೋಗುತ್ತದೆ.

ಇನ್ನು ಸರ್ಕಾರದ ಪಾಲು. ಕಾಡುಪ್ರಾಣಿಗಳಿಂದಾದ ಬೆಳೆಹಾನಿಯನ್ನು ಫಸಲ್ ಬಿಮಾ ಯೋಜನೆಗೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರಿನಿಂದ ಜಾರಿ ಎಂದಿತು; ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂದಿತು. ಆದರೆ ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಹಿಂದಿನ ದಾಖಲೆಗಳ ಆಧಾರದ ಮೇಲೆ ಗುರುತಿಸಬೇಕಾದದ್ದು ರಾಜ್ಯ. ಅಪಾಯವಿರುವುದು ಇಲ್ಲಿಯೇ. ಪ್ರಾಣಿಹಾನಿಯೆಂದರೆ ಕಾಡಂಚಿನ ಸಂಗತಿ ಎಂದು ನಂಬಿರುವ ಕಚೇರಿಗಳಿಗೆ ಕಾಡಿಲ್ಲದ ಆಳಂದ, ಅಫಜಲಪುರ, ಜೇವರ್ಗಿಗಳು ಕಾಣುವುದೇ? ದೂರು ಕೊಟ್ಟು ಪ್ರಯೋಜನವಿಲ್ಲವೆಂದು ರೈತ ಸುಮ್ಮನಿದ್ದರೆ, ದಾಖಲೆಯಿಲ್ಲದ ಹಾನಿ ಹಾನಿಯೇ ಅಲ್ಲವೆಂದಾಗುತ್ತದೆ.

ಆದುದರಿಂದ ಮಲೆನಾಡಾಗಲಿ ಬಯಲುಸೀಮೆಯಾಗಲಿ, ಹಂದಿ ಅಗೆದ ಪ್ರತಿ ತಗ್ಗಿಗೂ ದಿನಾಂಕ, ಸರ್ವೆ ನಂಬರು, ಬೆಳೆ, ಒಂದು ಛಾಯಾಚಿತ್ರ ಇರಲಿ. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ರೂಢಿಯಾಗಲಿ. ಹಳ್ಳಿಯ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದು. ಕಬ್ಬಿಗೆ ನೀರು ಕೊಟ್ಟ ಸರ್ಕಾರ ಕಬ್ಬು ಸಾಕಿದ ಹಂದಿಯ ಹೊಣೆಯನ್ನೂ ಹೊರಬೇಕು. ಬಡರೈತನ ಹೊಲದ ತಗ್ಗು ಅವನ ಸಮಾಧಿಯಾಗಬಾರದು.