ಮೂಲೆ ಸೇರಿದ ಹೊಲಿಗೆ ಯಂತ್ರ ಮತ್ತು ಶಾಲೆಯ ಹೊಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಳೆಯದೊಂದು ಹೊಲಿಗೆ ಯಂತ್ರ ಬಟ್ಟೆ ಹೊದ್ದು ನಿಂತಿರುತ್ತದೆ. ಅದರ ಹಲಗೆಯ ಮೇಲೆ ಮಕ್ಕಳ ಪುಸ್ತಕ, ಔಷಧಿಯ ಸೀಸೆ, ಹಳೆಯ ಪಂಚಾಂಗ ನೆಲೆಗೊಂಡಿರುತ್ತವೆ. ಏಕೆ ಹೊಲಿಯುವುದಿಲ್ಲವೆಂದು ಕೇಳಿದರೆ ದೊರೆಯುವ ಉತ್ತರ ಒಂದೇ: ‘ಕೆಟ್ಟಿದೆ, ಸಾಮಾನು ಸಿಗುವುದಿಲ್ಲ.’ ಮನೆಗೆ ನಾಲ್ಕು ಕಾಸು ತರಬಲ್ಲ ಸಾಧನವೊಂದನ್ನು ಶಾಶ್ವತವಾಗಿ ಮೂಲೆಗೆ ತಳ್ಳುವ ಈ ತೀರ್ಪು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹವಾದ ವಿಷಯ.

ಮಳೆಯನ್ನೇ ನಂಬಿದ ಬೇಸಾಯ ಹೆಚ್ಚಾಗಿರುವ ಈ ಭಾಗದಲ್ಲಿ ಹೊಲದ ಕೆಲಸ ವರ್ಷವಿಡೀ ಇರುವುದಿಲ್ಲ. ಅಂಥ ಬಿಡುವಿನ ತಿಂಗಳುಗಳಲ್ಲಿ ಕುಪ್ಪಸ, ಲಂಗ, ಸೀರೆಯ ಫಾಲ್ ಹೊಲಿದು ಬರುವ ಹಣದಿಂದ ಸಂತೆಯ ಖರ್ಚು ತೂಗಿಸುವ ಹೆಣ್ಣುಮಕ್ಕಳು ಊರೂರಿಗೂ ಇದ್ದಾರೆ. ಜೂನ್ ತಿಂಗಳಲ್ಲಿ ಶಾಲೆಯ ಸಮವಸ್ತ್ರ, ಮೈಲಾರದ ಜಾತ್ರೆ ಹಾಗೂ ಕೊಟ್ಟೂರಿನ ತೇರಿನ ಮುಂಚೆ ಹೊಸ ಬಟ್ಟೆ, ಇವೇ ಅವರ ಸುಗ್ಗಿಯ ದಿನಗಳು. ಹೊಸ ಯಂತ್ರ ಕೊಳ್ಳುವ ಶಕ್ತಿಯಿಲ್ಲದವರು ಮತ್ತೊಬ್ಬರು ಬಳಸಿ ಬಿಟ್ಟದ್ದನ್ನು ಕೊಳ್ಳುತ್ತಾರೆ. ಹೀಗೆ ಕೈ ಬದಲಾಗುವಾಗ ಯಂತ್ರ ಬರುತ್ತದೆ, ಅದರ ಕೈಪಿಡಿ ಬರುವುದಿಲ್ಲ. ಬಾಬಿನ್ ಕೇಸ್ ಎಲ್ಲೋ ಬಿದ್ದುಹೋಗಿರುತ್ತದೆ, ದಾರವನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಮುರಿದಿರುತ್ತದೆ. ಹಿಡಿಯಷ್ಟೂ ಇಲ್ಲದ ಒಂದು ಬಿಡಿಭಾಗಕ್ಕಾಗಿ ಇಡೀ ಯಂತ್ರ ಮೌನವಾಗುತ್ತದೆ. ಕೊನೆಗೊಂದು ದಿನ ಗುಜರಿಯವನ ತಕ್ಕಡಿಯಲ್ಲಿ ಬರಿಯ ಎರಕದ ಕಬ್ಬಿಣವಾಗಿ ತೂಗಲ್ಪಡುತ್ತದೆ.

ಹೊಲಿಗೆ ಯಂತ್ರದ ಚರಿತ್ರೆಯನ್ನು ತುಸು ನೋಡಿದರೆ ಈ ನಿರಾಶೆಗೆ ಆಧಾರ ಸಾಲದೆಂಬುದು ತಿಳಿಯುತ್ತದೆ. ಅಮೆರಿಕೆಯಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. 1856ರಲ್ಲಿ ಸಿಂಗರ್ ಸಂಸ್ಥೆ ಕಂತಿನ ಮೇಲೆ ಮಾರುವ ಪದ್ಧತಿಯನ್ನು ತಂದುದರಿಂದ ಯಂತ್ರವು ಸಾಮಾನ್ಯರ ಮನೆಯನ್ನೂ ಹೊಕ್ಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದಲ್ಲಿಯೂ ಅದರ ವ್ಯಾಪಾರ ಹಬ್ಬಿತು. ಯಂತ್ರಗಳ ಮೋಹವನ್ನು ಕಟುವಾಗಿ ವಿರೋಧಿಸಿದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದರೆಂಬುದು ಸ್ಮರಣೀಯ. ಮನುಷ್ಯನ ಶ್ರಮವನ್ನು ಹಗುರಗೊಳಿಸಿಯೂ ಅವನ ಕೈಯನ್ನು ನಿರುಪಯುಕ್ತ ಮಾಡದ ಯಂತ್ರವದು ಎಂಬುದು ಅವರ ಭಾವ. 1930ರ ದಶಕದಲ್ಲಿ ಕೊಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸತೊಡಗಿತು. ಮುಂದೆ ಪಂಜಾಬಿನ ಲುಧಿಯಾನ ಹೊಲಿಗೆ ಯಂತ್ರಗಳ ಹಾಗೂ ಬಿಡಿಭಾಗಗಳ ದೊಡ್ಡ ಕೇಂದ್ರವಾಗಿ ಬೆಳೆಯಿತು.

ಈ ಚರಿತ್ರೆಯಲ್ಲಿ ಉಪಯೋಗಕ್ಕೆ ಬರುವ ಒಂದು ಅಂಶವಿದೆ. ಸಿಂಗರ್ ಸಂಸ್ಥೆಯ 15ನೆಯ ವರ್ಗದ ಯಂತ್ರದ ಮಾದರಿಯನ್ನೇ ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳೂ, ಭಾರತದ ಬಹುಪಾಲು ತಯಾರಕರೂ ಅನುಸರಿಸಿದರು. ಆದ್ದರಿಂದ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಯಂತ್ರಕ್ಕೆ ಲುಧಿಯಾನದ ಬಾಬಿನ್ ಕೇಸ್ ಅನೇಕ ವೇಳೆ ಸರಿಹೊಂದುತ್ತದೆ. ‘ಸಿಂಗರ್ ಸಾಮಾನು ಈಗ ಬರುವುದಿಲ್ಲ’ ಎಂದು ಕೈಚೆಲ್ಲುವವರು ಉಷಾ ಮಾದರಿಯ ಸಾಮಾನನ್ನು ಕೇಳಿ ನೋಡಿರುವುದಿಲ್ಲ.

ಕೇಳುವುದಕ್ಕೆ ಮೊದಲು ಯಂತ್ರ ಯಾವ ವರ್ಗದ್ದೆಂದು ಅರಿಯಬೇಕು. ಸಿಂಗರ್ ಯಂತ್ರದ ಪೀಠದ ಮೇಲೆ, ಬಲಗಡೆಯಲ್ಲಿ, ಅದರ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. 1900ರಿಂದೀಚೆಗೆ ಸಂಖ್ಯೆಯ ಮೊದಲು ಒಂದು ಅಥವಾ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಎರಡಕ್ಷರಗಳಲ್ಲಿ ಮೊದಲನೆಯದು ‘ಇ’ ಆಗಿದ್ದರೆ ಅದು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ತಯಾರಾದದ್ದು. ‘15ಕೆ’, ‘66ಕೆ’ ಎಂಬ ಹೆಸರುಗಳಲ್ಲಿನ ‘ಕೆ’ ಅಕ್ಷರವೂ ಆ ಕಾರ್ಖಾನೆಯಿದ್ದ ಕಿಲ್ಬೋವಿ ಎಂಬ ಸ್ಥಳದ ಗುರುತು. 1885ರಲ್ಲಿ ಆರಂಭವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯಂತ್ರಗಳು ಮಾತ್ರ ಇಂದಿಗೂ ಹೊಲಿಯಬಲ್ಲವು.

ಸಂಖ್ಯೆ ಅಳಿಸಿಹೋಗಿದ್ದರೂ ಬಾಬಿನ್ನನ್ನು ನೋಡಿ ವರ್ಗವನ್ನು ಊಹಿಸಬಹುದು. 15ನೆಯ ವರ್ಗದಲ್ಲಿ ಬಾಬಿನ್ನನ್ನು ಅದರ ಕೇಸಿನ ಸಮೇತ ಕೈಯಿಂದ ಹೊರಗೆ ತೆಗೆಯಬಹುದು. 66ನೆಯ ವರ್ಗದಲ್ಲಿ ಸೂಜಿಯ ಮುಂದಿನ ತಗಡನ್ನು ಸರಿಸಿ ಬಾಬಿನ್ನನ್ನು ಮೇಲಿನಿಂದ ಮಲಗಿಸಿ ಇಡಬೇಕು. ಇನ್ನೂ ಹಳೆಯ 28ನೆಯ ವರ್ಗದಲ್ಲಿ ನೇಕಾರರ ಲಾಳಿಯನ್ನು ನೆನಪಿಸುವ ಉದ್ದನೆಯ ಶಟಲ್ ಇದ್ದು, ಅದರೊಳಗೆ ಸಣ್ಣ ಕಡ್ಡಿಯಂಥ ಬಾಬಿನ್ ಕುಳಿತಿರುತ್ತದೆ. 15 ಮತ್ತು 66ರ ಬಾಬಿನ್‌ಗಳು ಮೇಲುನೋಟಕ್ಕೆ ಅವಳಿಗಳಂತೆ ಕಂಡರೂ ಒಂದರ ಮುಖ ಸಮತಟ್ಟು, ಇನ್ನೊಂದರದು ತುಸು ಉಬ್ಬು. ಇವನ್ನು ಅದಲುಬದಲು ಮಾಡಿ ದಾರ ಸಿಕ್ಕಾದಾಗ ತಪ್ಪು ಯಂತ್ರದ ಮೇಲೆ ಬೀಳುತ್ತದೆ.

ಸೂಜಿಯ ವಿಷಯವೂ ಹೀಗೆಯೇ. ಮನೆಯ ಯಂತ್ರಗಳಲ್ಲಿ ಹೆಚ್ಚಿನವು ಬೇಡುವುದು ಒಂದು ಕಡೆ ಚಪ್ಪಟೆಯಾದ ಕಾಂಡದ ಸೂಜಿಯನ್ನು. 15×1, ಎಚ್‌ಎ×1, 130/705ಎಚ್ ಎಂಬ ಹೆಸರುಗಳೆಲ್ಲ ಈ ಒಂದೇ ಬಗೆಯವು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಬಳಸುವ ದುಂಡು ಕಾಂಡದ ಡಿಬಿ×1 ಸೂಜಿ ಇವಕ್ಕೆ ಹೊಂದದು. ಸೂಜಿಯ ಉದ್ದನೆಯ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದ ದಾರ ಪೋಣಿಸಬೇಕೆಂಬ ನಿಯಮವೊಂದನ್ನು ತಿಳಿದರೆ ‘ಹೊಲಿಗೆ ತಪ್ಪುತ್ತದೆ’ ಎಂಬ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಬಗೆಹರಿಯುತ್ತವೆ. ಸಿಂಗರ್ ಯಂತ್ರದ ಅನೇಕ ತಿರುಪುಗಳ ಎಳೆ ಆ ಸಂಸ್ಥೆಯದೇ ಅಳತೆಯದು. ಹಾರ್ಡ್‌ವೇರ್ ಅಂಗಡಿಯ ತಿರುಪನ್ನು ಬಲವಂತವಾಗಿ ಬಿಗಿದರೆ ರಂಧ್ರವೇ ಕೆಡುತ್ತದೆ. ಕೊಬ್ಬರಿ ಎಣ್ಣೆಯನ್ನು ಬಿಟ್ಟರೆ ಅದು ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿದು ಚಕ್ರವನ್ನೇ ಕಟ್ಟಿಹಾಕುತ್ತದೆ. ತಿರುಗದ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ. ಶುಚಿಗೊಳಿಸಿ ತಕ್ಕ ಎಣ್ಣೆ ಬಿಟ್ಟರೆ ಮರಳಿ ಓಡುವಂಥವೂ ಅವುಗಳಲ್ಲಿವೆ.

ಇಷ್ಟನ್ನೂ ಕೈಪಿಡಿಗಳು ಹೇಳುತ್ತವೆ. ಹಳೆಯ ಸಿಂಗರ್ ಕೈಪಿಡಿಗಳು ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅಮೆರಿಕೆಯ ಸ್ಮಿತ್ಸೋನಿಯನ್ ಗ್ರಂಥಾಲಯವೂ ಹೊಲಿಗೆ ಯಂತ್ರಗಳ ಕುರಿತ ಹಳೆಯ ಮುದ್ರಿತ ಸಾಮಗ್ರಿಯನ್ನು ಕಾಪಿಟ್ಟಿದೆ. ಆದರೆ ಅವು ಇಂಗ್ಲಿಷಿನಲ್ಲಿವೆ. ಏಳನೆಯ ತರಗತಿಗೆ ಓದು ನಿಲ್ಲಿಸಿದ ತಾಯಿಗೆ ಅವು ಇದ್ದೂ ಇಲ್ಲದಂತೆ. ಹೀಗಾಗಿ ಯಂತ್ರದಿಂದ ಕಳೆದುಹೋಗಿರುವುದು ಬಾಬಿನ್ ಕೇಸ್ ಒಂದೇ ಅಲ್ಲ, ಅದನ್ನು ಹೆಸರಿಟ್ಟು ಕೇಳುವ ತಿಳಿವಳಿಕೆಯೂ ಹೌದು. ತಿಳಿವಳಿಕೆ ಇಲ್ಲದೆಡೆ ಅಲೆದಾಟ ಹೆಚ್ಚು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸಾಮಾನು ಹುಡುಕುವವರ ದಾರಿ ಹೊಸಪೇಟೆ, ದಾವಣಗೆರೆ, ಹುಬ್ಬಳ್ಳಿಗಳ ಕಡೆಗೇ ಉಳಿದಿದೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಂಡು ಹೊಂದದ ಬಿಡಿಭಾಗದೊಡನೆ ಮರಳಿದವರು ಮತ್ತೊಮ್ಮೆ ಹೊರಡುವ ಧೈರ್ಯ ಮಾಡುವುದಿಲ್ಲ.

ಅಜ್ಞಾನವು ಬೇರೊಂದು ರೀತಿಯಲ್ಲಿಯೂ ಕಾಡಬಲ್ಲದು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಯಂತ್ರಗಳೊಳಗೆ ‘ಕೆಂಪು ಪಾದರಸ’ವೆಂಬ ಅಮೂಲ್ಯ ವಸ್ತುವಿದೆಯೆಂಬ ಸುಳ್ಳು ಸುದ್ದಿ ಹಬ್ಬಿ, ಜನರು ಅವನ್ನು ವಿಪರೀತ ಬೆಲೆಗೆ ಕೊಂಡರು. ಇಲ್ಲದ ಪಾದರಸಕ್ಕೆ ಬೆಲೆ ಕಟ್ಟಿದವರೂ, ಇರುವ ದುಡಿಮೆಯನ್ನು ಕಾಣದೆ ಗುಜರಿಗೆ ತೂಗಿದವರೂ ಯಂತ್ರವನ್ನು ಅರಿಯದವರೇ.

ಹೊಸ ಯಂತ್ರವೇ ದೊರೆಯುವಾಗ ಹಳೆಯದರ ಚಿಂತೆಯೇಕೆ ಎಂಬ ಪ್ರಶ್ನೆ ಸಹಜ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ದರ್ಜಿಗಳನ್ನೂ ಒಳಗೊಂಡು, ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿತು. ಇದು ಸ್ವಾಗತಾರ್ಹ. ಒಳಗಿನ ದಂಡ ಸವೆದು ಅಲುಗಾಡುವ ಯಂತ್ರವನ್ನು ವ್ಯಾಮೋಹದಿಂದ ಉಳಿಸಿಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ನೆರವಿನ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುವುದಿಲ್ಲ. ಹೊಸದಾಗಿ ಬಂದ ಯಂತ್ರವೂ ನಾಲ್ಕು ವರ್ಷಗಳಲ್ಲಿ ಹಳೆಯದಾಗುತ್ತದೆ. ಅದರ ಬಾಬಿನ್ ಕೇಸೂ ಕಳೆಯುತ್ತದೆ. ದುರಸ್ತಿಯ ಅರಿವಿಲ್ಲದ ಊರಿನಲ್ಲಿ ದಾನದ ಯಂತ್ರವೂ ಹಳೆಯ ಯಂತ್ರದ ಪಕ್ಕದಲ್ಲಿಯೇ ಬಟ್ಟೆ ಹೊದ್ದು ನಿಲ್ಲುತ್ತದೆ.

ಇಲ್ಲಿ ಶಾಲೆಯ ಹೊಣೆ ಬರುತ್ತದೆ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯಕ್ಕೆ ಪಠ್ಯಕ್ರಮದಲ್ಲಿ ಸ್ಥಾನ ಕಲ್ಪಿಸಿದಾಗ ಉದ್ದೇಶಿಸಿದ್ದು ಇಂಥ ಕೆಲಸವನ್ನೇ. ಮಕ್ಕಳು ತಮ್ಮ ಮನೆಯ ಹಾಗೂ ಓಣಿಯ ಯಂತ್ರಗಳ ಕ್ರಮಸಂಖ್ಯೆ, ವರ್ಗ, ಇಲ್ಲವಾದ ಭಾಗ ಇವನ್ನು ಬರೆದು ತಂದರೆ ಒಂದೇ ವರ್ಷದಲ್ಲಿ ಐದು ತಾಲ್ಲೂಕುಗಳಿಗೆ ಉಪಯುಕ್ತವಾದ ದಾಖಲೆ ಪುಸ್ತಕ ಸಿದ್ಧವಾದೀತು. ಇಂಗ್ಲಿಷ್ ಅಧ್ಯಾಪಕರು ಕೈಪಿಡಿಯನ್ನು ಓದಿ ವಿವರಿಸಬಹುದು, ಕನ್ನಡ ಅಧ್ಯಾಪಕರು ಅದನ್ನು ದರ್ಜಿಗಳು ಆಡುವ ಮಾತಿನಲ್ಲಿ ಬರೆಸಬಹುದು, ಚಿತ್ರಕಲಾ ಅಧ್ಯಾಪಕರು ಚಿತ್ರ ಬರೆಸಬಹುದು. ಸನ್ನೆ, ಚಕ್ರ, ಪಟ್ಟಿಗಳ ಪಾಠಕ್ಕೆ ವಿಜ್ಞಾನದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ದೊರೆಯದು. ಯಂತ್ರ ಬಿಚ್ಚಿ ಜೋಡಿಸಿ ಮುಪ್ಪಾದ ಹಳೆಯ ಮೆಕ್ಯಾನಿಕರನ್ನು ತಿಂಗಳಿಗೊಂದು ಭಾನುವಾರ ಗೌರವಧನ ಕೊಟ್ಟು ಶಾಲೆಗೆ ಕರೆಸಿದರೆ ಅವರ ಕೈಯ ವಿದ್ಯೆ ಅವರೊಡನೆಯೇ ಮುಗಿಯದು.

ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತೇರಿಗೆ ಬರುವಾಗ ಪಟ್ಟಿಯಲ್ಲಿ ಬರೆದ ಸಾಮಾನನ್ನು ಮಾದರಿಗೆ ಹೋಲಿಸಿ ತಂದುಕೊಡುವುದು ದೊಡ್ಡ ಶ್ರಮವಲ್ಲ. ಹೊಸ ಯಂತ್ರ ಕೊಡುವ ದಾನಿಗಳು ಅದರೊಡನೆ ಒಂದು ಪೆಟ್ಟಿಗೆಯನ್ನೂ ಕೊಡಲಿ: ಒಂದಷ್ಟು ಬಾಬಿನ್ ಕೇಸ್, ಬಾಬಿನ್, ಸೂಜಿ, ಸ್ಪ್ರಿಂಗ್, ಬೆಲ್ಟ್, ಎಣ್ಣೆ ಮತ್ತು ಕನ್ನಡದ ಕೈಪಿಡಿ. ಒಂದು ಹೊಸ ಯಂತ್ರ ಒಂದು ಮನೆಗೆ ಆಸರೆಯಾದರೆ ಅಂಥ ಪೆಟ್ಟಿಗೆಯೊಂದು ಹಲವು ಮನೆಗಳ ಯಂತ್ರಗಳನ್ನು ಮತ್ತೆ ನಡೆಸೀತು.

ಕಾಯಕದ ಹಿರಿಮೆಯನ್ನು ಸಾರುವ ವಿದ್ಯಾಸಂಸ್ಥೆಗಳು ಕಾಯಕದ ಸಾಧನವನ್ನು ಕಾಪಾಡುವ ವಿದ್ಯೆಯನ್ನೂ ಕಲಿಸಬೇಕು. ಮುಂದಿನ ಜೂನ್ ತಿಂಗಳಲ್ಲಿ ಈ ಸೀಮೆಯ ಮಗುವೊಂದು ತೊಡುವ ಸಮವಸ್ತ್ರವನ್ನು ಅದರ ತಾಯಿ ತನ್ನ ಮನೆಯ ಹಳೆಯ ಯಂತ್ರದಲ್ಲಿಯೇ ಹೊಲಿದಿದ್ದರೆ, ಶಾಲೆ ಕೈಗೊಂಡ ಕೆಲಸ ಸಾರ್ಥಕವಾದಂತೆ.