ಮಡಿಚದ ಚಾಕು

ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಒಣಬಳ್ಳಿಯನ್ನು ಕೊಯ್ಯುತ್ತಿದ್ದಾಗ ನನ್ನ ಮಡಿಸುವ ಚಾಕು ಮಡಿಚಿಕೊಂಡು ತೋರುಬೆರಳನ್ನು ಸೀಳಿತು. ಅಂದಿನಿಂದ, ಹೊರಗಿನ ಕೆಲಸಕ್ಕೆ ಮಡಿಚದ ಚಿಕ್ಕ ಚಾಕುವೇ ತಕ್ಕುದೆಂಬುದು ನನ್ನ ಮತ. ಅಲಗು ಅಂಗೈಯಗಲವಿದ್ದರೆ ಸಾಕು. ಆದರೆ ಅದರ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಸಾಗಿರಬೇಕು.

ವಿದ್ಯಾರ್ಥಿಗಳು ಹೊಳಪಿಗೆ ಮರುಳಾಗಿ ತುಕ್ಕು ಹಿಡಿಯದ ಉಕ್ಕನ್ನೇ ಬಯಸುತ್ತಾರೆ. ಅದರಲ್ಲಿ ಶೇಕಡಾ 10ಕ್ಕೂ ಮಿಕ್ಕಿದ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯಾಗಿ ಲೋಹವನ್ನು ಕಾಯುತ್ತದೆ. ಕರಾವಳಿಯವರಿಗೆ ಇದು ವರವೇ ಸರಿ. ವಿಜಯಪುರದ ಒಣ ಹವೆಯಲ್ಲಿ ಈ ರಕ್ಷಣೆಗಾಗಿ ಹೆಚ್ಚು ಬೆಲೆ ತೆರಬೇಕೇ? ನಮ್ಮ ಕಂಬಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಚಾಕು ಬಡಿದುಕೊಡುತ್ತಾರೆ. ಆ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.6ರ ಆಸುಪಾಸಿನಲ್ಲಿ ಇಂಗಾಲವಿರುತ್ತದೆ. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದೊಡನೆ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಉಜ್ಜಿ ಮತ್ತೆ ಮೆಲ್ಲಗೆ ಕಾಸಿದಾಗ, ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೈಮೇಲೆ ಜೋಳದ ಕಣಿಕೆಯ ತಿಳಿಹಳದಿ ಮೂಡುತ್ತದೆ. ಪೆಡಸುತನ ತಗ್ಗಿ ಗಡಸುತನ ಬಹುಪಾಲು ಉಳಿಯುತ್ತದೆ. ಆ ಬಣ್ಣ ಮೂಡುವ ಗಳಿಗೆಯನ್ನು ಕುಲುಮೆಯ ಬಳಿ ನಿಂತು ನೋಡಿರಿ. ಪಠ್ಯಪುಸ್ತಕದ ಚಿತ್ರಕ್ಕಿಂತ ಅದು ಮೇಲು.

ದ್ರಾಕ್ಷಿಯ ಹುಳಿಗೆ ಇಂಥ ಅಲಗು ಕಪ್ಪಾಗುವುದು ನಿಜ. ಒರಸಿ, ಕುಸುಬೆ ಎಣ್ಣೆ ಸವರಿದರಾಯಿತು. ನಿಜವಾದ ಅಪಾಯವಿರುವುದು ಮೊಂಡು ಅಂಚಿನಲ್ಲಿ: ಅಂಚು ಅಗಲವಾದಷ್ಟೂ ಕೊಯ್ಯಲು ಹೆಚ್ಚು ಬಲ ಬೇಕು, ಬಲ ಹೆಚ್ಚಿದಾಗಲೇ ಕೈ ಜಾರುತ್ತದೆ. ನಾನು ವಾರಕ್ಕೊಮ್ಮೆ ಚಾಕುವನ್ನು ಸಾಣೆಕಲ್ಲಿಗೆ ಹಿಡಿಯುತ್ತೇನೆ.